ಜೀವ ಉಳಿಸಿದ ಚೀಲ, ಕಿವಿ ಹಿಂಡಿದ ಚೀಲ!

ಮಂಡ್ಯ: ಕಳೆದ ವಾರ ಸಂಜೆ ನಮ್ಮ ಬೀದಿಯ ದಿನಸಿ ಅಂಗಡಿಗೆ ಹೋಗಿ ಕಾಲು ಕೆ.ಜಿ. ಕಾಫಿಪುಡಿ ಕೇಳಿದರೆ, ಯಜಮಾನರು ಕಾಲು ಕೆ.ಜಿ. ಕಡ್ಲೆಬೇಳೆ ಕಟ್ಟಿ ಕೈಗಿಟ್ಟರು. ಇಪ್ಪತ್ತು ವರ್ಷದ ಗಿರಾಕಿ ನಾನು. ಹಿಂದೆಂದೂ ಹೀಗಾಗಿರಲಿಲ್ಲ. "ಕಾಫಿಪುಡಿ ಸ್ವಾಮಿ" ಎಂದು ಇನ್ನೆರಡು ಸಲ ಕೂಗಿದ ಮೇಲೆ ಅವರು ಬಲಗಿವಿ ನನ್ನತ್ತ ತಿರುಗಿಸಿದರು.

"ಏನ್ ಮಾಡಾದು ಸಾ, ಎಡಗಿವೀಲಿ ಹಗಲೂ ರಾತ್ರಿ ಜೀರುಂಡೆ ಕೂಗ್ತದೆ. ನೀವು ಹೇಳಿದ್ರಲ್ಲಿ ಅರ್ಧ ಕೇಳ್ತದೆ, ಇನ್ನರ್ಧವ ಜೀರುಂಡೆ ನುಂಗ್ಕತದೆ" ಎಂದರು.

ಸಂಗತಿ ಇಷ್ಟು. ಮೂರು ತಿಂಗಳ ಹಿಂದೆ ಮದ್ದೂರು-ಮಳವಳ್ಳಿ ರಸ್ತೆಯಲ್ಲಿ ಮುಸ್ಸಂಜೆ ಹೊತ್ತು ಇವರು ಕಾರಿನಲ್ಲಿ ಬರುತ್ತಿದ್ದರು. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್. ಹಿಂದಿನ ಟ್ರೇಲರಿಗೆ ಲೈಟೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಬ್ರೇಕ್ ಒತ್ತುವಷ್ಟರಲ್ಲಿ ಗುದ್ದಿಯಾಗಿತ್ತು. ಸ್ಟೀರಿಂಗಿನ ಒಳಗಿದ್ದ ಏರ್‌ಬ್ಯಾಗ್ ಸಿಡಿದು ಎದೆಗೂ ಮುಖಕ್ಕೂ ಅಡ್ಡ ನಿಂತಿತು. ಕಾರಿನ ಮೂತಿ ಜಜ್ಜಿ ಹೋದರೂ ಮನುಷ್ಯ ಉಳಿದರು. ಮೊಣಕೈ ಕೆಳಗೆ ತರಚು ಗಾಯ, ಗಲ್ಲದ ಮೇಲೆ ಸುಟ್ಟಂಥ ಕೆಂಪು ಕಲೆ, ಮತ್ತು ಈ ಜೀರುಂಡೆ.

"ಜೀವ ಉಳೀತಲ್ಲ, ದೇವ್ರು ದೊಡ್ಡೋನು" ಅಂದೆ.

"ಅದೇನೋ ಸರಿ. ಆದ್ರೆ ಈಗ ಹೊಸಾ ಕಾರ್ ತಗಂಡಿವ್ನಿ. ಅದ್ರಲ್ಲಿ ಆರು ಬ್ಯಾಗು ಅಂತೆ! ಒಂದಕ್ಕೇ ಹಿಂಗಾದ್ರೆ ಆರಕ್ಕೆ ಏನ್ ಗತಿ? ನಾಳೆ ಮೆಕ್ಯಾನಿಕ್ ಹತ್ರ ಹೋಗಿ ವೈರೇ ಕೀಳಿಸ್ಬುಡ್ತೀನಿ."

ಈ ಕೊನೆಯ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ಹೀಗೆ ಯೋಚಿಸುವವರು ಇವರೊಬ್ಬರೇ ಆಗಿರಲಾರರು. ಅದಕ್ಕೇ ಈ ವಾರದ ಬರಹ.

ಚೀಲದೊಳಗಿನ ಸಂಗತಿ

ಏರ್‌ಬ್ಯಾಗ್ ಎಂದರೆ ಬಲೂನಿನಂತೆ ಮೆತ್ತಗೆ ಉಬ್ಬಿ ನಮ್ಮನ್ನು ಅಪ್ಪಿಕೊಳ್ಳುವ ದಿಂಬು ಎಂದು ಜನ ತಿಳಿದಿದ್ದಾರೆ. ಅದು ತಪ್ಪು. ಅದೊಂದು ಪುಟ್ಟ ಸ್ಫೋಟ. ಗಟ್ಟಿ ಗೋಡೆಗೆ ಗಂಟೆಗೆ ಸುಮಾರು 20-25 ಕಿ.ಮೀ. ವೇಗದಲ್ಲಿ ಗುದ್ದಿದಂಥ ಏಟು ಬಿದ್ದಾಗ ಕಾರಿನ ಸೆನ್ಸರ್ ಅದನ್ನು ಗುರುತಿಸಿ ವಿದ್ಯುತ್ ಕಿಡಿ ಕೊಡುತ್ತದೆ. ಲೋಹದ ಡಬ್ಬಿಯಲ್ಲಿರುವ ರಾಸಾಯನಿಕ ಗುಳಿಗೆಗಳು ಹೊತ್ತಿ ಅನಿಲವಾಗುತ್ತವೆ. ಆ ಅನಿಲ ನೈಲಾನ್ ಚೀಲಕ್ಕೆ ನುಗ್ಗುತ್ತದೆ. ಡ್ರೈವರ್ ಮುಂದಿನ ಚೀಲ ಸುಮಾರು 60 ಲೀಟರ್, ಅಂದರೆ ನಾಲ್ಕು ಬಿಂದಿಗೆಯಷ್ಟು. ಪಕ್ಕದ ಸೀಟಿನದು ಅದಕ್ಕಿಂತ ದೊಡ್ಡದು. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ, ಅದರಲ್ಲಿ ಮೂವತ್ತರಿಂದ ಐವತ್ತು ಪಾಲಿನೊಳಗೆ ಇಷ್ಟೂ ಮುಗಿದಿರುತ್ತದೆ. ಕಣ್ಣು ಮಿಟುಕಿಸಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು!

ಅಷ್ಟು ಬೇಗ ತೆರೆಯಬೇಕಾದರೆ ಚೀಲ ಗಂಟೆಗೆ 300 ಕಿ.ಮೀ. ಆಸುಪಾಸಿನ ವೇಗದಲ್ಲಿ ಹೊರಗೆ ಚಿಮ್ಮಬೇಕು. ಹೀಗೆ ಚಿಮ್ಮುವ ಬಟ್ಟೆಗೆ ಕೈ ಅಡ್ಡ ಸಿಕ್ಕಿದರೆ ತರಚುತ್ತದೆ, ಮಣಿಕಟ್ಟು ಮುರಿಯುವುದೂ ಉಂಟು. ಬಿಸಿ ಅನಿಲ ತಾಗಿದ ಕಡೆ ಚರ್ಮ ಸುಡುತ್ತದೆ. ಒಡನೆ ಕಾರಿನೊಳಗೆ ಬೆಳ್ಳಗೆ ಹೊಗೆಯಂಥದು ತುಂಬಿಕೊಳ್ಳುತ್ತದೆ. ಎಷ್ಟೋ ಜನ "ಬೆಂಕಿ ಬಿತ್ತು" ಎಂದು ಗಾಬರಿಯಾಗುವುದು ಇದನ್ನು ಕಂಡೇ. ಚೀಲ ಅಂಟಿಕೊಳ್ಳದಿರಲೆಂದು ಹಾಕಿದ ಪುಡಿ ಅದರಲ್ಲಿ ಬಹುಪಾಲು. ಜತೆಗೆ ಸ್ವಲ್ಪ ಕ್ಷಾರದ ಧೂಳೂ ಇರಬಹುದು. ಅದು ಕಣ್ಣಿಗೆ ಬಿದ್ದರೆ ಉರಿ, ಉಬ್ಬಸದವರಿಗೆ ದಮ್ಮು.

ದೀಪಾವಳಿ ಪಟಾಕಿಯೂ ಇದರ ಮುಂದೆ ಸಪ್ಪೆ

ಈಗ ಕಿವಿಯ ವಿಚಾರಕ್ಕೆ ಬರೋಣ. ನಾವು ನೀವು ಆಡುವ ಮಾತು 60 ಡೆಸಿಬಲ್. ನಮ್ಮ ದೇಶದ ಕಾನೂನಿನ ಪ್ರಕಾರ ಪಟಾಕಿ ಸಿಡಿದ ಜಾಗದಿಂದ ನಾಲ್ಕು ಮೀಟರ್ ದೂರದಲ್ಲಿ ಸದ್ದಿನ ತುದಿಮಟ್ಟ 145 ಡೆಸಿಬಲ್ ದಾಟಕೂಡದು. ಏರ್‌ಬ್ಯಾಗ್ ಸಿಡಿಯುವಾಗ ಕಾರಿನೊಳಗಿನ ಸದ್ದು 150ರಿಂದ 170 ಡೆಸಿಬಲ್ ಮುಟ್ಟುತ್ತದೆ ಎಂದು ಅಳೆದವರು ಹೇಳುತ್ತಾರೆ. ಡೆಸಿಬಲ್ ಲೆಕ್ಕ ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. 20 ಡೆಸಿಬಲ್ ಏರಿತೆಂದರೆ ಕಿವಿಯ ಮೇಲಿನ ಒತ್ತಡ ಹತ್ತು ಪಟ್ಟಾಯಿತು! ಪಟಾಕಿಯಾದರೆ ಬಯಲಲ್ಲಿ ಸಿಡಿಯುತ್ತದೆ, ನಾವು ದೂರ ನಿಂತು ಕಿವಿ ಮುಚ್ಚಿಕೊಳ್ಳುತ್ತೇವೆ. ಇಲ್ಲಿ ಅದು ಸಿಡಿಯುವುದು ಮೂಗಿನ ಮುಂದೆ, ಮುಚ್ಚಿದ ಡಬ್ಬಿಯಂಥ ಕಾರಿನೊಳಗೆ.

ದೇವರು ಕಿವಿಗೂ ಒಂದು ಕಾವಲು ಇಟ್ಟಿದ್ದಾನೆ. ನಡುಗಿವಿಯಲ್ಲಿ ರಿಕಾಪಿನ ಆಕಾರದ ಅತಿ ಸಣ್ಣ ಮೂಳೆಯೊಂದಿದೆ. ದೊಡ್ಡ ಸದ್ದು ಬಂದರೆ ಅದಕ್ಕೆ ಕಟ್ಟಿದ ಎಳೆಯಂಥ ಸ್ನಾಯು ಬಿಗಿದು ಸದ್ದನ್ನು ತುಸು ತಡೆಯುತ್ತದೆ. ಆದರೆ ಈ ಕಾವಲುಗಾರ ಎದ್ದು ಬಾಗಿಲು ಹಾಕುವಷ್ಟರಲ್ಲಿ ಏರ್‌ಬ್ಯಾಗಿನ ಸದ್ದು ಒಳಹೊಕ್ಕು ಆಗಿರುತ್ತದೆ. ಆಮೇಲೆ ಏಟು ತಿನ್ನುವುದು ಒಳಗಿವಿ. ಶಂಖದಂತೆ ಸುತ್ತಿಕೊಂಡ ಆ ನಾಳದೊಳಗೆ ಕಿವಿಯೊಂದಕ್ಕೆ ಸುಮಾರು 15 ಸಾವಿರ ಕೂದಲುಕೋಶಗಳಿವೆ. ಬಿರುಗಾಳಿಗೆ ಭತ್ತದ ಪೈರು ಮಲಗುವಂತೆ ಅವು ಮಲಗಿಬಿಡುತ್ತವೆ. ಕೆಲವು ಏಳುತ್ತವೆ. ಸತ್ತವು ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ.

ಬಹಳ ಜನಕ್ಕೆ ಈ ಗುಂಯ್‌ಗುಡುವಿಕೆ ಕೆಲವು ಗಂಟೆಗಳಲ್ಲೋ ದಿನಗಳಲ್ಲೋ ಇಳಿಯುತ್ತದೆ. ಕೆಲವರಲ್ಲಿ ಉಳಿದುಬಿಡುತ್ತದೆ. ಕೆಲವರ ಕಿವಿತಮಟೆ ಹರಿಯುತ್ತದೆ, ಕೆಲವರಿಗೆ ತಲೆಸುತ್ತು. ಮೇಲೆ ಗಾಯವೇ ಕಾಣದ ಕಾರಣ ಅಪಘಾತದ ದಿನ ಯಾರೂ ಕಿವಿ ನೋಡುವುದಿಲ್ಲ. ಕಾಲು ಮುರಿದಿದೆಯೇ, ತಲೆಗೆ ಪೆಟ್ಟಾಗಿದೆಯೇ ಎಂದಷ್ಟೇ ನೋಡಿ ಮನೆಗೆ ಕಳಿಸುತ್ತಾರೆ. ನಮ್ಮ ಯಜಮಾನರಿಗೆ ಆಗಿದ್ದೂ ಇದೇ. ಮೇಲಾಗಿ ಮನೆಯವರು ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಎಂಟು ದಿನ ಕಿವಿಗೆ ಬಿಟ್ಟರು. ಕಿವಿತಮಟೆ ಹರಿದಿದ್ದರೆ ಆ ಎಣ್ಣೆಯೇ ಕೀವಿಗೆ ದಾರಿ!

ಮರ್ಸಿಡಿಸ್ ಬೆಂಝ್ ಕಂಪನಿಯವರು 2016ರಲ್ಲಿ ತಮ್ಮ ಕಾರೊಂದಕ್ಕೆ ಒಂದು ಉಪಾಯ ಹೂಡಿದರು. ಕಾರು ಗುದ್ದುವುದು ಖಚಿತವೆಂದು ಯಂತ್ರಕ್ಕೆ ಗೊತ್ತಾದ ಕೂಡಲೇ ಸ್ಪೀಕರಿನಿಂದ ಸುಮಾರು 80 ಡೆಸಿಬಲ್ಲಿನ ಭೋರೆಂಬ ಸದ್ದು ಹೊರಡುತ್ತದೆ. ಕಿವಿಯ ಕಾವಲುಗಾರ ಅದನ್ನು ಕೇಳಿ ಮುಂಚೆಯೇ ಬಾಗಿಲು ಬಿಗಿಯುತ್ತಾನೆ. ಒಳ್ಳೆಯ ಯುಕ್ತಿಯೇ. ಆದರೆ ಅಷ್ಟು ದುಡ್ಡಿನ ಕಾರು ನಮ್ಮ ಬೀದಿಗೆ ಬರುವುದು ಯಾವ ಕಾಲಕ್ಕೋ!

ಹಾಗಾದರೆ ವೈರು ಕೀಳಿಸೋಣವೇ?

ಖಂಡಿತ ಕೂಡದು. ಲೆಕ್ಕ ನೋಡಿ. ಅಮೆರಿಕದ ಸರ್ಕಾರಿ ರಸ್ತೆ ಸುರಕ್ಷಾ ಇಲಾಖೆಯ ಅಂದಾಜಿನಂತೆ 1987ರಿಂದ 2017ರವರೆಗೆ ಅಲ್ಲಿ ಮುಂಭಾಗದ ಏರ್‌ಬ್ಯಾಗುಗಳು ಉಳಿಸಿದ ಜೀವ 50 ಸಾವಿರಕ್ಕೂ ಹೆಚ್ಚು. ಅದೇ ಇಲಾಖೆಯ ಇನ್ನೊಂದು ಲೆಕ್ಕ: 1990ರಿಂದ 2008ರವರೆಗೆ ಕಡಿಮೆ ವೇಗದ ಅಪಘಾತಗಳಲ್ಲಿ ಏರ್‌ಬ್ಯಾಗಿನ ಏಟಿನಿಂದಲೇ ಸತ್ತವರು 290ಕ್ಕೂ ಹೆಚ್ಚು. ಇವರಲ್ಲಿ ಬಹುಪಾಲು ಜನ ಬೆಲ್ಟನ್ನೇ ಹಾಕಿರಲಿಲ್ಲ, ಇಲ್ಲವೆ ಸರಿಯಾಗಿ ಹಾಕಿರಲಿಲ್ಲ. ಸತ್ತವರಲ್ಲಿ ಎಳೆ ಮಕ್ಕಳೂ ಹಸುಗೂಸುಗಳೂ ಇದ್ದವು. ಹತ್ತರಲ್ಲಿ ಒಂಬತ್ತು ಸಾವು 1998ಕ್ಕಿಂತ ಮುಂಚೆ ತಯಾರಾದ ಕಾರುಗಳಲ್ಲಿ. ಆಮೇಲೆ ಚೀಲದ ರಭಸ ತಗ್ಗಿಸಲಾಯಿತು.

ಚೀಲವೇ ಕೆಟ್ಟು ಕೊಂದದ್ದೂ ಉಂಟು. ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗುಗಳಲ್ಲಿ ಅಮೋನಿಯಂ ನೈಟ್ರೇಟ್ ಬಳಸಿದ್ದರು. ಸೆಖೆ, ತೇವಕ್ಕೆ ವರ್ಷಾನುಗಟ್ಟಲೆ ಸಿಕ್ಕಿ ಅದು ಹದಗೆಟ್ಟು, ಲೋಹದ ಡಬ್ಬಿಯೇ ಒಡೆದು ಚೂರುಗಳು ಗುಂಡಿನಂತೆ ಹಾರಿದವು. ಅಮೆರಿಕ ಒಂದರಲ್ಲೇ 25ಕ್ಕೂ ಹೆಚ್ಚು ಮಂದಿ ಸತ್ತರು. ಜಗತ್ತಿನಾದ್ಯಂತ ಕೋಟಿಗಟ್ಟಲೆ ಕಾರು ವಾಪಸ್ ಕರೆಸಬೇಕಾಯಿತು, ಭಾರತದಲ್ಲೂ ಲಕ್ಷಗಟ್ಟಲೆ. ಕಂಪನಿ 2017ರಲ್ಲಿ ದಿವಾಳಿ ಎದ್ದಿತು. ಹಳೇ ಕಾರು ಕೈಬದಲಾಯಿಸಿ ಕೊಂಡವರು ಷಾಸಿ ನಂಬರ್ ಹಿಡಿದು ಕಂಪನಿ ಷೋರೂಮಿನಲ್ಲಿ ಒಮ್ಮೆ ವಿಚಾರಿಸುವುದು ಕ್ಷೇಮ.

ತೊಡೆಯ ಮೇಲಿನ ಕಂದ

ನಮ್ಮಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಿಂದ. ಪಕ್ಕದ ಸೀಟಿಗೆ ಹೊಸ ಮಾದರಿಗಳಲ್ಲಿ 2021ರ ಏಪ್ರಿಲಿನಿಂದ. ಆರು ಚೀಲ ಕಡ್ಡಾಯವೆಂದು 2022ರಲ್ಲಿ ಹೊರಟ ಕೇಂದ್ರ ಸರ್ಕಾರ 2023ರಲ್ಲಿ ಹಿಂದೆ ಸರಿಯಿತು. ಆದರೂ ಕಂಪನಿಗಳು ಪೈಪೋಟಿಯ ಮೇಲೆ ಆರು ಕೊಡುತ್ತಿವೆ. ಕಾರು ಬದಲಾಯಿತು. ನಮ್ಮ ಅಭ್ಯಾಸ ಮಾತ್ರ ಅಂಬಾಸಿಡರ್ ಕಾಲದಲ್ಲೇ ಉಳಿದಿದೆ!

ಮದುವೆ, ಬೀಗರೂಟ, ಮೇಲುಕೋಟೆ ವೈರಮುಡಿ ಎಂದು ಹೊರಟ ಯಾವ ಕಾರನ್ನಾದರೂ ನೋಡಿ. ಮುಂದಿನ ಸೀಟಿನಲ್ಲಿ ತಾಯಿ, ತಾಯಿಯ ತೊಡೆ ಮೇಲೆ ಕೂಸು. ಮಗು ಡ್ಯಾಷ್‌ಬೋರ್ಡಿಗೆ ಕೈಯೂರಿ ರಸ್ತೆ ನೋಡುತ್ತಿರುತ್ತದೆ. ಅದರ ತಲೆಗೂ ಚೀಲಕ್ಕೂ ಗೇಣಿನ ಅಂತರವೂ ಇಲ್ಲ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2024ರಲ್ಲಿ ಹೀಗೆಯೇ ತಾಯಿಯ ಮಡಿಲಲ್ಲಿದ್ದ ಎರಡು ವರ್ಷದ ಮಗು ಏರ್‌ಬ್ಯಾಗ್ ತೆರೆದು ತೀರಿಕೊಂಡಿತು. ಅದೇ ವರ್ಷ ಡಿಸೆಂಬರಿನಲ್ಲಿ ನವಿ ಮುಂಬೈಯಲ್ಲಿ ಮುಂದೆ ಕೂತಿದ್ದ ಆರು ವರ್ಷದ ಹುಡುಗ. ಎಂಬತ್ತು ಕಿಲೋ ಮನುಷ್ಯನ ಎದೆಯನ್ನು ತಡೆಯಲೆಂದು ಮಾಡಿದ ಏಟನ್ನು ಹತ್ತು ಕಿಲೋ ಕಂದ ಹೇಗೆ ತಾಳಬೇಕು?

ಮಾಡಬೇಕಾದದ್ದು

ಹನ್ನೆರಡು ವರ್ಷ ದಾಟುವ ತನಕ ಮಕ್ಕಳ ಜಾಗ ಹಿಂದಿನ ಸೀಟು. ಹಿಮ್ಮುಖವಾಗಿ ಕೂರಿಸುವ ಹಸುಗೂಸಿನ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಇಡಲೇಕೂಡದು. ಹದಿನಾಲ್ಕರೊಳಗಿನ ಮಕ್ಕಳನ್ನು ಬೆಲ್ಟ್ ಇಲ್ಲವೆ ಮಕ್ಕಳ ಸೀಟಿನಿಂದ ಭದ್ರಪಡಿಸದಿದ್ದರೆ ಸಾವಿರ ರೂಪಾಯಿ ದಂಡವೂ ಇದೆ.

ಡ್ರೈವರ್ ಎದೆಗೂ ಸ್ಟೀರಿಂಗ್ ನಡುವಿಗೂ ಕನಿಷ್ಠ 25 ಸೆಂಟಿಮೀಟರ್ ಬಿಡಿ, ಅಂದರೆ ಒಂದು ಗೇಣಿಗೆ ನಾಲ್ಕು ಬೆರಳು ಜಾಸ್ತಿ. ಕುಳ್ಳಗಿರುವವರು ಸೀಟು ಎತ್ತರಿಸಿ, ಬೆನ್ನು ತುಸು ಹಿಂದಕ್ಕೆ ಒರಗಿಸಲಿ. ಕೈ ಸ್ಟೀರಿಂಗಿನ ಎಡಬಲ ಅಂಚಿನಲ್ಲಿರಲಿ, ನಡುವೆ ಅಡ್ಡ ಬೇಡ. ಪಕ್ಕದವರು ಡ್ಯಾಷ್‌ಬೋರ್ಡಿನ ಮೇಲೆ ಕಾಲು ಚಾಚುವುದು ಬೇಡ. ಚೀಲದ ಮುಚ್ಚಳದ ಮೇಲೆ ಅಂಟಿಸಿದ ದೇವರ ಮೂರ್ತಿ ಚೀಲ ತೆರೆದಾಗ ಕಲ್ಲಾಗಿ ಹಾರುತ್ತದೆ. ದೇವರನ್ನು ಬೇರೆ ಕಡೆ ಕೂರಿಸಿ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಅದನ್ನು ಮುಚ್ಚುವ ದಪ್ಪ ಕವರ್ ಹೊಲಿಸಬೇಡಿ.

ಎಲ್ಲಕ್ಕೂ ಮೊದಲು ಬೆಲ್ಟ್. ಏರ್‌ಬ್ಯಾಗ್ ಬೆಲ್ಟಿಗೆ ತಮ್ಮನೇ ಹೊರತು ಬದಲಿಯಲ್ಲ. ಬೆಲ್ಟಿಲ್ಲದವನು ಬ್ರೇಕ್ ಹಾಕಿದಾಗಲೇ ಮುಂದಕ್ಕೆ ಮುಗ್ಗರಿಸಿ ಚೀಲ ಸಿಡಿಯುವ ಬಾಯಿಗೇ ಮುಖ ಒಡ್ಡುತ್ತಾನೆ. ಎಕ್ಸ್‌ಪ್ರೆಸ್‌ವೇ ಕ್ಯಾಮೆರಾ ಕಂಬ ಕಂಡಾಗ ಹಾಕಿ, ದಾಟಿದ ಮೇಲೆ ಬಿಚ್ಚುವ ಜಾಣರೇ, ಚೀಲಕ್ಕೆ ಆ ಜಾಣತನ ಗೊತ್ತಾಗುವುದಿಲ್ಲ!

ಚೀಲ ಸಿಡಿದ ಮೇಲೆ ಕಾರಿನಿಂದ ಹೊರಬನ್ನಿ. ಕಣ್ಣುರಿದರೆ ಉಜ್ಜದೆ ಶುದ್ಧ ನೀರಿನಲ್ಲಿ ಕಾಲು ಗಂಟೆ ತೊಳೆದು ವೈದ್ಯರಿಗೆ ತೋರಿಸಿ. ಕಿವಿ ಗುಂಯ್‌ಗುಟ್ಟಿದರೆ, ಮಂದವಾದರೆ, ರಕ್ತ ಬಂದರೆ ಎಣ್ಣೆ, ನೀರು, ಕಡ್ಡಿ ಏನೂ ಬೇಡ. ಒಂದೆರಡು ದಿನದೊಳಗೆ ಕಿವಿ ವೈದ್ಯರನ್ನು ಕಾಣಿ. ಕೆಲವು ಔಷಧಿಗೆ ಕಾಲದ ಮಿತಿ ಇದೆ, ತಡವಾದರೆ ಫಲ ಕಡಿಮೆ. ನಮ್ಮ ಪುಣ್ಯಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಇಡೀ ದೇಶದ ಜನ ಅಲ್ಲಿಗೆ ಬರುತ್ತಾರೆ. ಮಂಡ್ಯದಿಂದ ಒಂದು ಗಂಟೆಯ ದಾರಿ, ನಾವೇ ಹೋಗುವುದಿಲ್ಲ.

ಇಷ್ಟನ್ನೂ ಅಂಗಡಿಯ ಬಲಗಡೆ ಸ್ಟೂಲು ಹಾಕಿಕೊಂಡು ಯಜಮಾನರ ಬಲಗಿವಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ತಕ್ಕಡಿಯನ್ನೇ ನೋಡುತ್ತಾ ಕೂತರು. ಆಮೇಲೆ ಮೆಲ್ಲಗೆ, "ಅವತ್ತು ಮೊಮ್ಮಗನೂ ಬತ್ತೀನಿ ಅಂತ ಅಳ್ತಾ ಇದ್ದ ಸಾ. ಯಾವಾಗ್ಲೂ ಮುಂದ್ಗಡೆ ಸೀಟೇ ಅವ್ನಿಗೆ. ಜ್ವರ ಅಂತ ಬಿಟ್ ಹೋಗಿದ್ದೆ" ಅಂದರು.

ಮೆಕ್ಯಾನಿಕ್ ಹತ್ತಿರ ಹೋಗುವ ಮಾತು ಮತ್ತೆ ಬರಲಿಲ್ಲ. ಮೊನ್ನೆ ಸೋಮವಾರ ಅಂಗಡಿಗೆ ಬೀಗ. ಕೇಳಿದರೆ, ಮೈಸೂರಿಗೆ ಕಿವಿ ತೋರಿಸಲು ಹೋಗಿದ್ದಾರೆಂದು ಪಕ್ಕದ ಹೂವಿನವಳು ಹೇಳಿದಳು. ಮೂರು ತಿಂಗಳ ಜೀರುಂಡೆ ಪೂರ್ತಿ ಸುಮ್ಮನಾಗುವುದು ಕಷ್ಟವೇ. ಅದರ ಜತೆ ಬಾಳುವ ದಾರಿಯನ್ನಾದರೂ ಅಲ್ಲಿ ಹೇಳಿಕೊಟ್ಟಾರು.

ಇನ್ನು ಒಂದೇ ಮಾತು ಉಳಿದಿದೆ. ಕಬ್ಬಿನ ಟ್ರ್ಯಾಕ್ಟರುಗಳು ಲೈಟಿಲ್ಲದೆ, ಹೊಳೆಯುವ ಪಟ್ಟಿಯಿಲ್ಲದೆ ಕತ್ತಲಲ್ಲಿ ಓಡಾಡುವುದು ಜಿಲ್ಲೆಯಲ್ಲಿ ಇಂದಿನ ಮಾತಲ್ಲ. ಒಂದು ಟ್ರೇಲರಿಗೆ ಪಟ್ಟಿ ಅಂಟಿಸಲು ಏನು ಮಹಾ ಖರ್ಚು? ಕಾರ್ಖಾನೆ ಗೇಟಿನಲ್ಲೇ ನಿಲ್ಲಿಸಿ ಅಂಟಿಸಿದರೂ ಆದೀತು. ಚೀಲ ಸಿಡಿಯುವ ಪ್ರಸಂಗವೇ ಬಾರದಂತೆ ಮಾಡುವುದು ಎಲ್ಲಕ್ಕಿಂತ ಮೇಲು. ಸಂಬಂಧಪಟ್ಟವರು ಇತ್ತ ಕಿವಿಗೊಡುವರೇ? ಅವರ ಕಿವಿಗಂತೂ ಏನೂ ಆಗಿಲ್ಲವಷ್ಟೆ!