ವಿಮಾ ಏಜೆಂಟನ ಪಾಲು

ಸವಣೂರಿನ ಎಲೆತೋಟದವನು ಪೇಟೆಗೆ ವೀಳ್ಯದೆಲೆ ತಂದಾಗ ದಲಾಲಿ ಎಷ್ಟೆಂದು ಕೇಳಿಯೇ ವ್ಯವಹಾರಕ್ಕೆ ನಿಲ್ಲುತ್ತಾನೆ. ಹಾನಗಲ್ಲಿನಲ್ಲಿ ಭತ್ತ ಮಾರುವವರೂ ಹಿರೇಕೆರೂರಿನಲ್ಲಿ ಗೋವಿನಜೋಳ ಮಾರುವವರೂ ಹಾಗೆಯೇ. ಇದೇ ಜನ ಆರೋಗ್ಯ ವಿಮೆಯ ಕಾಗದಕ್ಕೆ ಸಹಿ ಹಾಕುವಾಗ ಮಾತ್ರ ಎದುರಿಗೆ ಕುಳಿತ ಏಜೆಂಟನಿಗೆ ಇದರಲ್ಲಿ ಏನು ಸಿಗುತ್ತದೆಂದು ಕೇಳುವುದಿಲ್ಲ. ಆತ ಹೆಚ್ಚಾಗಿ ನೆಂಟ, ನೆರೆಯವ, ಇಲ್ಲವೆ ನನ್ನಂಥ ಮೇಷ್ಟರ ಪಾಲಿಗೆ ಹಳೆಯ ಶಿಷ್ಯ, ಕೇಳಲು ಸಂಕೋಚ. ‘ವಿಮೆ’ ಎಂಬ ಶಬ್ದದ ಮೂಲ ಪಾರಸಿಯಲ್ಲಿದೆ. ಆ ಭಾಷೆಯಲ್ಲಿ ‘ಬೀಮ್’ ಎಂದರೆ ಭಯ. ಭಯದ ಮಾತು ಬಂದಲ್ಲಿ ಲೆಕ್ಕದ ಮಾತು ಹಿಂದೆ ಸರಿಯುವುದು ಸಹಜವೇ ಇರಬೇಕು.

ನಿವೃತ್ತರಿಗೆ ಈ ಪ್ರಶ್ನೆ ದೂರದ್ದಲ್ಲ. 2018ರಲ್ಲಿ ಜಾರಿಗೆ ಬಂದ ಆರೋಗ್ಯ ಕರ್ನಾಟಕ ಯೋಜನೆಯು ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವು ಕೊಡುತ್ತದೆ. ಉಳಿದವರಿಗೆ ಸರಕಾರ ಗೊತ್ತುಪಡಿಸಿದ ದರದ ಶೇಕಡಾ 30ರಷ್ಟು ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಪಿಂಚಣಿಯವರು ಸಾಮಾನ್ಯವಾಗಿ ಈ ಎರಡನೆಯ ಸಾಲಿನವರು. ಮಿಕ್ಕ ಭಾರಕ್ಕೆ ಹೆಗಲು ಹುಡುಕುತ್ತ ಅವರು ಖಾಸಗಿ ಪಾಲಿಸಿಯ ಬಾಗಿಲಿಗೆ ಹೋಗುತ್ತಾರೆ. ಅಲ್ಲಿ ಏಜೆಂಟ ಸಿಗುತ್ತಾನೆ.

ಏಜೆಂಟನಿಗೆ ಸಂಬಳವಿಲ್ಲ. ನಾವು ಕಟ್ಟುವ ಕಂತಿನೊಳಗಿಂದಲೇ ಕಂಪನಿ ಅವನ ಪಾಲನ್ನು ತೆಗೆದುಕೊಡುತ್ತದೆ. ಜೀವ ವಿಮೆಯಲ್ಲಿ ಈ ಪಾಲು ಮುಂಭಾರದ ಚಕ್ಕಡಿಯಂತೆ. ದೀರ್ಘ ಅವಧಿಯ ಪಾಲಿಸಿಗೆ ವಿಮಾ ಕಾಯಿದೆ ಬಹುಕಾಲ ವಿಧಿಸಿದ್ದ ಮಿತಿ ಹೀಗಿತ್ತು: ಮೊದಲ ವರ್ಷದ ಕಂತಿನಲ್ಲಿ ಶೇಕಡಾ 35, ಎರಡನೆಯ ಮತ್ತು ಮೂರನೆಯ ವರ್ಷ ಏಳೂವರೆ, ಅಲ್ಲಿಂದ ಮುಂದೆ 5. ಹತ್ತು ಸಾವಿರದ ಕಂತಿಗೆ ಮೊದಲು 3,500 ರೂಪಾಯಿ, ನಾಲ್ಕನೆಯ ವರ್ಷಕ್ಕೆ 500. ಹಳೆಯ ಪಾಲಿಸಿಯನ್ನು ಕಾಯುವುದಕ್ಕಿಂತ ಹೊಸದನ್ನು ಮಾಡಿಸುವುದರತ್ತ ಮನಸ್ಸು ಏಕೆ ಓಡುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಅವಧಿಗೆ ಮುನ್ನ ಪಾಲಿಸಿ ಬಿಡುವವರಿಗೆ ಹೆಚ್ಚು ಹಣ ಹಿಂದಿರುಗಿಸಬೇಕೆಂಬ ನಿಯಮ 2024ರ ಅಕ್ಟೋಬರಿನಲ್ಲಿ ಬಂದ ಮೇಲೆ ಜೀವ ವಿಮಾ ನಿಗಮವು ಮೊದಲ ವರ್ಷದ ಪಾಲನ್ನು ಇಳಿಸಿ, ನಂತರದ ವರ್ಷಗಳದನ್ನು ಏರಿಸಿತು.

ಆರೋಗ್ಯ ವಿಮೆಯ ರೀತಿ ಬೇರೆ. ಒಬ್ಬರ ಅಥವಾ ಒಂದು ಕುಟುಂಬದ ಪಾಲಿಸಿಗೆ ಕಮಿಷನ್ನಿನ ಮಿತಿ 2023ರ ಮಾರ್ಚಿನವರೆಗೆ ಶೇಕಡಾ 15 ಇತ್ತು; ಹೊಸದಕ್ಕೂ ನವೀಕರಣಕ್ಕೂ ಅದೇ ಮಿತಿ. 2023ರ ಏಪ್ರಿಲಿನಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಆ ಮಿತಿಯನ್ನು ತೆಗೆದು, ಕಂಪನಿಯ ಒಟ್ಟು ಖರ್ಚಿಗೆ ಮಾತ್ರ ಕಟ್ಟು ಹಾಕಿತು. ಆರೋಗ್ಯ ವಿಮೆಯನ್ನಷ್ಟೇ ಮಾರುವ ಕಂಪನಿಗೆ ಅದು ಪ್ರೀಮಿಯಂನ ಶೇಕಡಾ 35, ಇತರ ಸಾಮಾನ್ಯ ವಿಮಾ ಕಂಪನಿಗಳಿಗೆ 30. ಅದರೊಳಗೆ ಏಜೆಂಟನಿಗೆ ಎಷ್ಟೆಂಬುದನ್ನು ಆಡಳಿತ ಮಂಡಳಿಯೇ ನಿರ್ಧರಿಸುತ್ತದೆ. ಆದ್ದರಿಂದ ಒಂದೇ ಬಗೆಯ ಎರಡು ಪಾಲಿಸಿಗಳಲ್ಲಿ ಏಜೆಂಟ ಒಂದನ್ನೇ ಒತ್ತಿ ಹೇಳಿದರೆ ಅದು ನಮಗೆ ಮೇಲೋ ಅವನಿಗೆ ಮೇಲೋ ಎಂದು ಕೇಳುವ ಹಕ್ಕು ನಮಗಿದೆ.

ಇನ್ನೊಂದು ಸೂಕ್ಷ್ಮವಿದೆ. ವಯಸ್ಸು ಏರಿದಂತೆ ಕಂತು ಏರುತ್ತದೆ. ಕಂತಿನ ಜೊತೆಗೆ ಅವನ ಪಾಲೂ ಏರುತ್ತದೆ. ಆದರೆ ನಾವು ಆಸ್ಪತ್ರೆಯಲ್ಲಿ ಮಲಗಿದಾಗ ಕಾಗದ ಹೊತ್ತು ಶಿಗ್ಗಾಂವಿಯಿಂದ ಹುಬ್ಬಳ್ಳಿಗೆ ಓಡಾಡಿದ ಏಜೆಂಟನಿಗೆ ಆ ಕೆಲಸಕ್ಕಾಗಿ ಒಂದು ಕಾಸೂ ಇಲ್ಲ. ಹಾಗಿದ್ದೂ ಓಡಾಡುವವರು ಇದ್ದಾರೆ. ನನ್ನ ಶಿಷ್ಯನೊಬ್ಬ ಅಂಥವನು. ಅವನ ಪಾಲಿನ ಬಗೆಗೆ ನನಗೆ ಲವಲೇಶವೂ ಅಸಮಾಧಾನವಿಲ್ಲ. ಕಂತು ತುಂಬುವ ದಿನ ಮಾತ್ರ ಮುಖ ತೋರಿಸುವವರ ಮಾತು ಬೇರೆ.

‘ಮೊದಲ ಕಂತಿನಲ್ಲಿ ಅರ್ಧ ನಾನೇ ತುಂಬುತ್ತೇನೆ, ಸರ್’ ಎನ್ನುವವರೂ ಉಂಟು. ಇದು ಔದಾರ್ಯವೆಂದು ತೋರುತ್ತದೆ. ತನ್ನ ಕಮಿಷನ್ನಿನಲ್ಲಿ ಗಿರಾಕಿಗೆ ಪಾಲು ಕೊಡುವುದನ್ನು 1938ರ ವಿಮಾ ಕಾಯಿದೆಯ 41ನೆಯ ಕಲಮು ನಿಷೇಧಿಸಿದೆ. ದಂಡ 10 ಲಕ್ಷ ರೂಪಾಯಿಯವರೆಗೆ. ಪಡೆಯುವುದೂ ತಪ್ಪೇ.

ಎಲ್ಲಕ್ಕಿಂತ ಜಾಗರೂಕರಾಗಿರಬೇಕಾದದ್ದು ‘ಹಳೆಯ ಪಾಲಿಸಿ ಬಿಡಿ, ಹೊಸದು ಮಾಡೋಣ’ ಎಂಬ ಸಲಹೆ ಬಂದಾಗ. ಮೊದಲೇ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಕಂಪನಿ ಮೂರು ವರ್ಷದವರೆಗೆ ಹಣ ಕೊಡದೆ ಕಾಯಿಸಬಹುದು. ಹಳೆಯದರಲ್ಲಿ ಕಾಯುವಿಕೆ ಮುಗಿಸಿದವರು ಅದನ್ನು ಬಿಟ್ಟುಕೊಟ್ಟು ಹೊಸದನ್ನು ಕೊಂಡರೆ ಮತ್ತೆ ಮೊದಲಿನಿಂದ ಕಾಯಬೇಕು. ಕಂಪನಿ ಬದಲಿಸಲೇಬೇಕೆಂದಿದ್ದರೆ 2011ರಿಂದ ‘ಪೋರ್ಟಬಿಲಿಟಿ’ ಎಂಬ ದಾರಿಯಿದೆ. ನವೀಕರಣಕ್ಕೆ ಮುನ್ನವೇ ಹೊಸ ಕಂಪನಿಗೆ ಅರ್ಜಿ ಕೊಟ್ಟು, ಅದು ಒಪ್ಪಿದರೆ, ಹಳೆಯ ವಿಮಾ ಮೊತ್ತದ ಮಟ್ಟಿಗೆ ಕಳೆದ ವರ್ಷಗಳ ಲೆಕ್ಕ ಉಳಿಯುತ್ತದೆ. ಒಪ್ಪಿಗೆಯ ಕಾಗದ ಕೈಗೆ ಬರುವವರೆಗೆ ಹಳೆಯ ಪಾಲಿಸಿಯನ್ನು ಬಿಡಕೂಡದು. ಹೊಸ ಪಾಲಿಸಿ ಕೈಸೇರಿದ ಮೇಲೂ ಓದಿ ನೋಡಿ ಬೇಡವೆನಿಸಿದರೆ ಹಿಂದಿರುಗಿಸಲು 30 ದಿನಗಳ ಅವಕಾಶವಿದೆ.