ಮಾಯದ ಗಾಯದಲ್ಲಿ ಮಂದಗತಿಯ ರೋಗಾಣು

ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ದಾವಣಗೆರೆ, ಹರಿಹರಗಳಲ್ಲಿ ಅಪಘಾತದಿಂದ ಮೂಳೆ ಮುರಿದು ರಾಡು, ಪ್ಲೇಟು ಹಾಕಿಸಿಕೊಂಡವರು ಕಡಿಮೆಯೇನಿಲ್ಲ. ಇವರಲ್ಲಿ ಕೆಲವರಿಗೆ ಗಾಯ ಮಾದಂತೆ ತೋರಿ, ವರ್ಷದ ಮೇಲೆ ಅದೇ ಜಾಗದಲ್ಲಿ ಸಣ್ಣ ತೂತು ಬಿದ್ದು ಕೀವು ಸೋರತೊಡಗುತ್ತದೆ. ಮಾತ್ರೆ ನುಂಗಿದರೆ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಶುರು. ನಂಜಾಯಿತೆಂದು ಮನೆಯವರು ಬದನೆಕಾಯಿ ಬಿಡಿಸುತ್ತಾರೆ. ಪಾಪ, ಬದನೆಕಾಯಿಯದೇನೂ ತಪ್ಪಿಲ್ಲ.

ಒಳಗೆ ಸತ್ತ ಮೂಳೆಯ ಚೂರು ಉಳಿದಿರಬಹುದು, ಕ್ಷಯವೂ ಇರಬಹುದು. ಇನ್ನೊಂದು ಕಾರಣ ಅಷ್ಟಾಗಿ ಗೊತ್ತಿಲ್ಲದ್ದು. ಮೂಳೆಯಲ್ಲಿ ಕೀವು ಮಾಡುವ ಮುಖ್ಯ ರೋಗಾಣು ಸ್ಟಫೈಲೊಕಾಕಸ್ ಆರಿಯಸ್. ಪ್ರಯೋಗಾಲಯದ ತಟ್ಟೆಯಲ್ಲಿ ಅದು ಒಂದೇ ದಿನದಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಗುಂಪಾಗಿ ಬೆಳೆಯುತ್ತದೆ. ಆದರೆ ಅದರಲ್ಲೇ ಒಂದು ಕುಳ್ಳ ತಳಿಯುಂಟು. ಎರಡು ಮೂರು ದಿನವಾದರೂ ಅದರ ಗುಂಪು ಸೂಜಿಮೊನೆಯಷ್ಟೇ. ಹಳೆಯ, ಮರುಕಳಿಸುವ ಸೋಂಕಿಗೂ ಈ ತಳಿಗೂ ಇರುವ ನಂಟನ್ನು 1995ರಲ್ಲಿ ಅಮೆರಿಕದ ರಿಚರ್ಡ್ ಪ್ರಾಕ್ಟರ್ ಮತ್ತು ಸಂಗಡಿಗರು ತೋರಿಸಿಕೊಟ್ಟರು.

ಈ ಕುಳ್ಳತನಕ್ಕೆ ಕಾರಣ ವಂಶವಾಹಿಯಲ್ಲಾದ ಸಣ್ಣ ಬದಲಾವಣೆ. ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಎಂಬ ವಸ್ತು ಈ ರೋಗಾಣುವಿಗೂ ಬೇಕು, ಉಸಿರಾಟಕ್ಕೆ. ಅದನ್ನು ತಯಾರಿಸುವ ಹೆಮ್-ಬಿ ವಂಶವಾಹಿ ಕೆಟ್ಟರೆ ಶಕ್ತಿಯ ಉತ್ಪಾದನೆ ಕುಸಿಯುತ್ತದೆ. ವಿಟಮಿನ್ 'ಕೆ' ಜಾತಿಯ ವಸ್ತುವನ್ನು ತಯಾರಿಸುವ ಮೆನ್-ಡಿ ಕೆಟ್ಟರೂ ಅದೇ ಗತಿ. ಆಗ ರೋಗಾಣುವಿನ ಪೊರೆಯ ವಿದ್ಯುತ್ ಸೆಳೆತ ಕುಗ್ಗುತ್ತದೆ. ಜೆಂಟಾಮೈಸಿನ್ ಒಳನುಗ್ಗುವುದು ಆ ಸೆಳೆತದ ಬಲದಿಂದಲೇ! ಔಷಧಿ ಹೊರಗೇ ಉಳಿಯುತ್ತದೆ. ಸೋಮಾರಿ ರೋಗಾಣು ವಿಷವನ್ನೂ ಹೆಚ್ಚು ಕಾರುವುದಿಲ್ಲ. ಆದ್ದರಿಂದ ನಮ್ಮ ಜೀವಕೋಶಗಳನ್ನು ಒಡೆಯದೆ ಅವುಗಳೊಳಗೇ ತೆಪ್ಪಗೆ ಅಡಗಿರುತ್ತದೆ. ಕೆಲವೊಮ್ಮೆ ಕೆಟ್ಟ ವಂಶವಾಹಿ ತಾನಾಗಿ ಸರಿಹೋಗಿ ಹಳೆಯ ಉಗ್ರರೂಪ ಮರಳುತ್ತದೆ. ಕೀವು ಮತ್ತೆ ಸೋರುವುದು ಹೀಗೂ ಉಂಟು.

ಇನ್ನೊಂದು ತೊಡಕು: ಒಂದು ದಿನಕ್ಕೇ ತಟ್ಟೆ ನೋಡಿ 'ಬೆಳವಣಿಗೆ ಇಲ್ಲ' ಎಂದು ವರದಿ ಬರೆದರೆ ಈ ತಳಿ ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ಮರುಕಳಿಸಿದ ಗಾಯವೆಂಬುದನ್ನೂ ಒಳಗೆ ಲೋಹವಿದೆಯೆಂಬುದನ್ನೂ ಪ್ರಯೋಗಾಲಯಕ್ಕೆ ತಿಳಿಸಬೇಕು. ತಟ್ಟೆಯನ್ನು 72 ಗಂಟೆ ಇಡಲು ವೈದ್ಯರ ಮೂಲಕ ಕೇಳಿಕೊಳ್ಳಬಹುದು. ತೂತಿನ ಬಾಯಲ್ಲಿ ಒರೆಸಿದ ಕೀವಿಗಿಂತ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮೂಳೆಯ ಚೂರು ಪರೀಕ್ಷೆಗೆ ಮೇಲು. ಸತ್ತ ಮೂಳೆಯನ್ನು ಕೆರೆದು, ಮುರಿತ ಕೂಡಿದ್ದರೆ ರಾಡನ್ನೂ ತೆಗೆಯದೆ ಬರೀ ಮಾತ್ರೆಯಿಂದ ಗುಣವಾಗುವುದು ಅಪರೂಪ.

ಅಂಗಡಿಯಿಂದ ನಾಲ್ಕು ದಿನದ ಮಾತ್ರೆ ತಂದು ನುಂಗುವುದನ್ನು ನಿಲ್ಲಿಸಿ. ಮೂಳೆ ವೈದ್ಯರ ಬಳಿ ಹೋಗುವಾಗ ಹಳೆಯ ಎಕ್ಸ್-ರೇ, ಹಿಂದೆ ನುಂಗಿದ ಆಂಟಿಬಯಾಟಿಕ್‌ಗಳ ಚೀಟಿ ಎಲ್ಲವನ್ನೂ ಒಯ್ಯಿರಿ.