ಲಕ್ವ ಹೊಡೆಯುವುದು ಗಾಳಿಯಿಂದಲ್ಲ!



ಹೋದ ವರ್ಷ ನಮ್ಮ ಅಜ್ಜನಿಗೆ ಲಕ್ವ ಹೊಡೆಯಿತು. "ಕೆಟ್ಟ ಗಾಳಿ ಬಡಿದೈತಿ" ಅಂತ ಓಣಿಯವರೆಲ್ಲ ಅಂದರು. ಸಂಜೆಯವರೆಗೂ ಎಣ್ಣೆ ತಿಕ್ಕಿದೆವು. ಗಾಳಿಯಿಂದ ಕೈಕಾಲು ಬೀಳುತ್ತವೆಯೇ? ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಲಕ್ವಕ್ಕೆ ಪುಸ್ತಕದಲ್ಲಿ ಪಾರ್ಶ್ವವಾಯು ಎನ್ನುತ್ತಾರೆ. ಹೆಸರಿನಲ್ಲಿ ವಾಯು ಇದ್ದರೂ ಗಾಳಿಗೂ ಇದಕ್ಕೂ ಸಂಬಂಧವಿಲ್ಲ. ಮೆದುಳಿಗೆ ಹೋಗುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ, ಇಲ್ಲವೇ ನಾಳವೇ ಒಡೆಯುತ್ತದೆ. ಆಗ ಮೆದುಳಿನ ಆ ಭಾಗ ಸಾಯತೊಡಗುತ್ತದೆ. ಮೆದುಳಿನ ಎಡಭಾಗ ನಮ್ಮ ಬಲಗೈ ಬಲಗಾಲನ್ನು ನಡೆಸುತ್ತದೆ. ಅಜ್ಜನಿಗೆ ಎಡಕ್ಕೆ ಪೆಟ್ಟಾಗಿ ಬಲಗೈ ಬಿತ್ತು, ಮಾತೂ ತೊದಲಿತು.

ನಾಳ ಕೆಡುವುದೇಕೆ? ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ 1948ರಲ್ಲಿ ಒಂದು ಅಧ್ಯಯನ ಶುರುವಾಯಿತು. 5,209 ಜನರನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸಿ ಬರೆದಿಟ್ಟರು. ಯಾರಿಗೆ ಲಕ್ವ ಹೊಡೆಯಿತು, ಯಾರಿಗೆ ಇಲ್ಲ ಎಂದು ವರ್ಷಗಟ್ಟಲೆ ನೋಡಿದರು. ಬಿ.ಪಿ. ಹೆಚ್ಚಿದ್ದವರಿಗೆ ಲಕ್ವದ ಅಪಾಯವೂ ಹೆಚ್ಚು ಎಂದು 1970ರಲ್ಲಿ ತೋರಿಸಿಕೊಟ್ಟರು. ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆಗಳೂ ನಾಳವನ್ನು ಕೆಡಿಸುತ್ತವೆ.

ಹಾಗಾದರೆ ತಡೆಯಬಹುದೇ? ಚೀನಾದ 600 ಹಳ್ಳಿಗಳಲ್ಲಿ ಇದನ್ನು ನೋಡಿದರು. ಲಕ್ವ ಆಗಿದ್ದವರು, ಬಿ.ಪಿ. ಇದ್ದ ಮುದುಕರು, ಹೀಗೆ ಸುಮಾರು 21,000 ಜನ. ಅರ್ಧ ಹಳ್ಳಿಗಳಿಗೆ ಮಾಮೂಲಿ ಉಪ್ಪು. ಉಳಿದವಕ್ಕೆ ಕಾಲುಭಾಗ ಪೊಟ್ಯಾಶಿಯಂ ಕ್ಲೋರೈಡ್ ಬೆರೆಸಿದ ಉಪ್ಪು. ಸುಮಾರು ಐದು ವರ್ಷ ನೋಡಿದರು. ಫಲಿತಾಂಶ 2021ರಲ್ಲಿ ಬಂತು: ಮಾಮೂಲಿ ಉಪ್ಪಿನವರಲ್ಲಿ 100 ಲಕ್ವ ಆದರೆ, ಬೆರಕೆ ಉಪ್ಪಿನವರಲ್ಲಿ 86 ಮಾತ್ರ! (ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಈ ಉಪ್ಪು ಅಪಾಯ. ಡಾಕ್ಟರನ್ನು ಕೇಳದೆ ಯಾರೂ ಬಳಸಬಾರದು.) ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಉಪ್ಪಿನಕಾಯಿ, ಹಪ್ಪಳದಲ್ಲಿರುವ ಉಪ್ಪೂ ಇದರಲ್ಲೇ ಸೇರಿತು.

ಬಿ.ಪಿ. ಏರಿದರೂ ಎಷ್ಟೋ ಜನಕ್ಕೆ ಏನೂ ಗೊತ್ತಾಗುವುದಿಲ್ಲ. "ಆರಾಮ ಅದೀನಿ, ಗುಳಿಗಿ ಯಾಕ?" ಅಂತ ಅಜ್ಜ ಗುಳಿಗೆ ಬಿಟ್ಟಿದ್ದ. ಅದೇ ತಪ್ಪಾಯಿತು.

ಇಷ್ಟು ನೆನಪಿಡಿ: ಒಮ್ಮೆಲೇ ಬಾಯಿ ಸೊಟ್ಟಗಾದರೆ, ಕೈ ಸೋತು ಬಿದ್ದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸ್ಕ್ಯಾನ್ ಮಾಡಿ ನೋಡಿ, ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ನಾವು ಆ ಹೊತ್ತನ್ನೆಲ್ಲ ಎಣ್ಣೆ ತಿಕ್ಕುವುದರಲ್ಲೇ ಕಳೆದೆವು.

ಅಜ್ಜ ಈಗ ಎಡಗೈಯಿಂದ ಉಣ್ಣುತ್ತಾನೆ. ಗುಳಿಗೆ ಕೊಡುವ ಕೆಲಸ ನನ್ನದು. ನಿಮ್ಮ ಅಜ್ಜ ಅಜ್ಜಿಯ ಬಿ.ಪಿ. ಎಷ್ಟಿದೆ? ಇವತ್ತೇ ಮನೆಗೆ ಹೋಗಿ ಕೇಳಿರಿ.